ಏಪ್ರಿಲ್ ಕೊನೆಗೆ ಬಿಯಾಸ್ ಕುಂಡ್: ಹಿಮ ರಾತ್ರಿ ಗಟ್ಟಿಯಾಯಿತೋ ಇಲ್ಲವೋ ತಿಳಿಯೋದು ಹೇಗೆ?

ಗುಡ್ಡದಹಾದಿ:
ಮನಾಲಿ ಮೇಲಿನ ಬಿಯಾಸ್ ಕುಂಡ್ ಸರೋವರಕ್ಕೆ ನಾಲ್ವರು ಹೊರಟಿದ್ದೇವೆ, ಇಬ್ಬರ ಹತ್ರ ಸ್ಕೀ ಇದೆ. ಟೆಂಟ್ ದಾರಿಯಲ್ಲಿ ಸಿಗೋ ಬಕರ್‌ಥಾಚ್ ಹುಲ್ಲುಗಾವಲಲ್ಲಿ. ಆ್ಯಪ್‌ನಲ್ಲಿ ರಾತ್ರಿ ಕನಿಷ್ಠ +2 ಡಿಗ್ರಿ ತೋರಿಸ್ತಿದೆ. ಸೊನ್ನೆಗಿಂತ ಮೇಲಿದ್ರೆ ಹಿಮ ಹೆಪ್ಪುಗಟ್ಟಲ್ವಾ? ಬಿಸಿಲಿಗೆ ಹಿಮ ಮೆತ್ತಗಾಗಿ ಕುಸಿಯೋ ಮೊದಲು ಎಷ್ಟೊತ್ತಿಗೆ ವಾಪಸಾಗಬೇಕು?

ಹಿಮದಹೆಜ್ಜೆ:
ಮೊದಲು ಆ +2 ಯಾವ ಎತ್ತರದ್ದು ನೋಡಿ. ಮನಾಲಿ ಪೇಟೆಯದ್ದಾದರೆ ನಿಮ್ಮ ಟೆಂಟ್ ಅದಕ್ಕಿಂತ ಸಾವಿರ ಮೀಟರಿಗೂ ಮೇಲಿದೆ. ಸಾವಿರ ಮೀಟರಿಗೆ ಸುಮಾರು 6 ಡಿಗ್ರಿ ಇಳಿಯುತ್ತೆ. ಇನ್ನೊಂದು, ತಾಪಮಾನಕ್ಕಿಂತ ಮೋಡ ಮುಖ್ಯ. ಆಕಾಶ ತಿಳಿಯಾಗಿದ್ದು ಗಾಳಿ ಒಣಗಿದ್ದರೆ ಹಿಮದ ಮೇಲ್ಮೈ ಗಾಳಿಗಿಂತ ಹೆಚ್ಚು ತಣ್ಣಗಾಗಿ +2ರಲ್ಲೂ ಮೇಲೆ ಗಟ್ಟಿ ಹೊದಿಕೆ ಕಟ್ಟುತ್ತೆ. ಮೋಡ ಕವಿದಿದ್ರೆ ಶಾಖ ಅಲ್ಲೇ ಉಳಿದು, ಬೆಳಗಿನ ಹೊತ್ತಿಗೆ ನೆನೆದ ಅವಲಕ್ಕಿ ಥರ ಇರುತ್ತೆ.

ಬೆಳಗಿನ ಜಾವ 3ಕ್ಕೆ ಹೊರಬಂದು ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ. ಕುಸಿಯದಿದ್ರೆ ಸರಿ, ಆದರೂ ಸ್ವಲ್ಪ ಅಗೆದು ನೋಡಿ. ಹೊದಿಕೆ ಎರಡು ಬೆರಳು ದಪ್ಪ, ಕೆಳಗೆ ನೀರು ನೀರು ಅಂದ್ರೆ ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಹೋಗುತ್ತೆ. ಅಂಗೈ ಅಗಲದಷ್ಟಿದ್ದರೆ ಒಂದಷ್ಟು ಸಮಯ ಸಿಗುತ್ತೆ. ವಾಪಸಾಗೋಕೆ ಗಡಿಯಾರ ನಂಬಬೇಡಿ: ಬೂಟು ಪಾದ ದಾಟಿ ಹೂತುಕೊಳ್ಳೋಕೆ ಶುರುವಾದ್ರೆ ಇಳಿಜಾರು ಬಿಡಿ. ಸಾಮಾನ್ಯವಾಗಿ 9-10ರೊಳಗೆ.

ಇಳಿಜಾರು30:
ನೀವು ನಡೆಯೋ ದಾರಿ ಸಪಾಟಾಗಿರಬಹುದು, ತಲೆ ಮೇಲಿರೋದನ್ನ ನೋಡಿ. ಹಿಮಕುಸಿತ ಹೆಚ್ಚಾಗಿ ಶುರುವಾಗೋದು 30ರಿಂದ 45 ಡಿಗ್ರಿ ಇಳಿಜಾರಲ್ಲಿ. ಫೋನಿನ ಕ್ಲೈನೋಮೀಟರ್ ಸಾಕು ಅಳೆಯೋಕೆ. ಪೂರ್ವದ ಮೈ ಮೊದಲು ಕರಗುತ್ತೆ, ಆಮೇಲೆ ದಕ್ಷಿಣ, ಮಧ್ಯಾಹ್ನ ಪಶ್ಚಿಮ. ನಾಲಾ ದಾಟೋದಿದ್ರೆ ಅದರ ತುದಿಗೆ ಬಿಸಿಲು ಬೀಳೋ ಮೊದಲೇ ದಾಟಿ, ಒಬ್ಬೊಬ್ಬರಾಗಿ. ಬಂಡೆಗಳ ಕೆಳಗಿಂದ ಹಿಮದ ಉಂಡೆ ತಾನಾಗೇ ಉರುಳ್ತಿದ್ರೆ ಆ ಮೈಗೆ ತಡವಾಯ್ತು ಅಂತಲೇ ಅರ್ಥ.

ಪಶ್ಚಿಮದ ಪ್ರಕ್ಷುಬ್ಧತೆ (ಪಶ್ಚಿಮದಿಂದ ಮಳೆ, ಹಿಮ ತರೋ ಹವಾಮಾನ ವ್ಯವಸ್ಥೆ) ಬಂದು ಹೊಸ ಹಿಮ ಸುರಿದಿದ್ರೆ ಮೊದಲ ಬಿಸಿಲಿನ ದಿನ ಹೋಗಲೇಬೇಡಿ. ಫೋಟೋಗೆ ಅದೇ ಚೆಂದದ ದಿನ, ಜನ ಹೊರಡೋದೂ ಆವತ್ತೇ.

ಗುಡ್ಡದಹಾದಿ:
ಮೂರು ರಾತ್ರಿ ಮೋಡ, ನಾಲ್ಕನೇ ರಾತ್ರಿ ತಿಳಿ. ಆಗ?

ಹಿಮದಹೆಜ್ಜೆ:
ಅದೇ ಮೋಸದ ಬೆಳಗು. ಮೇಲೆ ಕಾಲು ನಿಲ್ಲುತ್ತೆ, ಆದರೆ ಮೂರು ದಿನ ಇಳಿದ ನೀರು ಒಳಗಿನ ದುರ್ಬಲ ಪದರದಲ್ಲೇ ನಿಂತಿರುತ್ತೆ. ಒಂದು ರಾತ್ರಿಯ ಚಳಿ ಅಲ್ಲಿಗೆ ಮುಟ್ಟಲ್ಲ. ಹೊದಿಕೆ ಸಡಿಲಾದ ಕೂಡಲೇ ದೊಡ್ಡ ಹಲಗೆಯಾಗಿ ಜಾರಬಹುದು. ಆವತ್ತು ಕಣಿವೆಯ ಮಧ್ಯದಲ್ಲೇ ಇರಿ.

ಇಳಿಜಾರು30:
ಸ್ಕೀ ಇಬ್ಬರಿಗೇ ಇರಲಿ, ಟ್ರಾನ್ಸೀವರ್ (ಹೂತವರನ್ನ ಪತ್ತೆ ಮಾಡೋ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡೋ ಉದ್ದ ಕೋಲು), ಸಲಿಕೆ ನಾಲ್ವರಿಗೂ ಬೇಕು. ಫೋನ್ ಟ್ರಾನ್ಸೀವರಿನಿಂದ 20 ಸೆಂ.ಮೀ. ದೂರ, ಹುಡುಕುವಾಗ 50. ಸಲಿಕೆ ಲೋಹದ್ದೇ ತಗೊಳ್ಳಿ. ಒದ್ದೆ ಹಿಮ ನಿಂತ ಮೇಲೆ ಕಾಂಕ್ರೀಟಿನಂತಾಗುತ್ತೆ, ಪ್ಲಾಸ್ಟಿಕ್ ಮುರಿಯುತ್ತೆ. ಹೂತವರನ್ನ 10-15 ನಿಮಿಷದೊಳಗೆ ತೆಗೀಬೇಕು, ಅಷ್ಟರಲ್ಲಿ ಕೆಳಗಿಂದ ಯಾರೂ ಬರಲ್ಲ.