ರೊಟ್ಟಿ ಡಬ್ಬಿ ಬೆವರೂದು ತಪ್ಪಿಸಲಿಕ್ಕೆ ಹೊಸ ವಿಚಾರ ಹುಟ್ಟಸೂ ಪದ್ಧತಿ ಯಾವುದು?

ವಿದ್ಯಾನಗರ_ಹುಬ್ಬಳ್ಳಿ:
ನಮಸ್ಕಾರ್ರಿ. ಕಾಲೇಜ್ ಪ್ರಾಜೆಕ್ಟಿಗೆ ಜೋಳದ ರೊಟ್ಟಿ ಒಯ್ಯೂ ಬುತ್ತಿ ಡಬ್ಬಿ ಸುಧಾರಿಸೂ ಕೆಲಸ ತಗೊಂಡೇವಿ. ಬಿಸಿ ರೊಟ್ಟಿ ಇಟ್ಟು ಮುಚ್ಚಿದ್ರ ಸ್ಟೀಲ್ ಮುಚ್ಚಳಕ್ಕ ಹನಿ ಕಟ್ಟಿ ಮ್ಯಾಲಿನ ರೊಟ್ಟಿ ಹಸಿ ಆಗತೈತಿ. ತೂತು ಹೊಡದ್ರ ಮಧ್ಯಾಹ್ನದಷ್ಟೊತ್ತಿಗೆ ಅಂಚು ಒಣಗಿ ಮುರೀತೈತಿ. ನಾಲ್ಕು ಮಂದಿ ಕುಂತು ಬ್ರೇನ್‌ಸ್ಟಾರ್ಮಿಂಗ್ ಮಾಡಿದ್ರೂ ಬಂದಿದ್ದು ಎರಡ: ಅರಿವಿ ಹಾಸೂದು, ತೂತು ಹೊಡಿಯೂದು. ಸ್ಕ್ಯಾಂಪರ್, ಟ್ರಿಜ್ ಅಂತ ವಿಚಾರ ಹುಟ್ಟಸೂ ಪದ್ಧತಿ ಅದಾವಂತ ಓದೇವಿ. ಇದಕ್ಕ ಯಾವುದು ಹೊಂದತೈತ್ರಿ?

ಗೋಕುಲರೋಡ್_ಟೂಲ್‌ರೂಮ್:
ಮೊದಲ ಪ್ರಶ್ನೆ ತಿದ್ರಿ. ‘ಡಬ್ಬಿ’ ಅಂದಕೂಡ್ಲೆ ತಲಿ ಡಬ್ಬಿಯೊಳಗ ಸಿಗಬೀಳತೈತಿ. ‘ಹಂಚಿನಿಂದ ಇಳಿದ ರೊಟ್ಟಿ ಐದು ತಾಸು ಮೆತ್ತಗ ಇರಬೇಕು, ಹಸಿ ಆಗಬಾರದು’ ಅಂತ ಬರೀರಿ. ಆಮ್ಯಾಲೆ ಒಬ್ಬೊಬ್ಬರು ಬ್ಯಾರೆ ಹಾಳಿ ತಗೊಂಡು ಹತ್ತು ನಿಮಿಷ ಮಾತಾಡದ ಬರೀರಿ. ಕುಂತಕೂಡ್ಲೆ ಮಾತಾಡಿದ್ರ ಮೊದಲ ಬಾಯಿಬಿಟ್ಟವರ ಹಿಂದ ಎಲ್ಲಾರೂ ಹೋಗ್ತಾರ.

ಸ್ಕ್ಯಾಂಪರ್ ಅಂದ್ರ ಬ್ರೇನ್‌ಸ್ಟಾರ್ಮಿಂಗ್ ಹುಟ್ಟಿಸಿದ ಅಲೆಕ್ಸ್ ಆಸ್ಬರ್ನ್ ಅವರ ಪ್ರಶ್ನೆಗಳನ್ನ ಬಾಬ್ ಎಬರ್ಲೆ 1971ರಾಗ ಏಳು ಗುಂಪು ಮಾಡಿ ಇಟ್ಟಿದ್ದು: ಬದಲಿಸು, ಜೋಡಿಸು, ಬ್ಯಾರೆ ಕಡೆಯಿಂದ ಎರವಲು ತಗೋ, ಮಾರ್ಪಡಿಸು, ಬ್ಯಾರೆ ಕೆಲಸಕ್ಕ ಬಳಸು, ತಗದು ಹಾಕು, ತಿರುವು ಮುರುವು ಮಾಡು. ಏಳೂ ತುಂಬಬೇಕಂತಿಲ್ಲ. ನಿಮಗ ಎರವಲಿನ ಪ್ರಶ್ನೆ ಸಾಕು. ಬಿದಿರಿನ ಬುಟ್ಟಿಯೊಳಗ ಅರಿವಿ ಹಾಸಿ ಇಟ್ಟ ರೊಟ್ಟಿ ಯಾಕ ಬೆವರೂದಿಲ್ಲ? ಉಗಿ ಎಲ್ಲಾ ಕಡೆಯಿಂದ ಹೊರಗ ಹೋಗತೈತಿ, ತಣ್ಣಗಿನ ಲೋಹ ಎಲ್ಲೂ ತಾಕೂದಿಲ್ಲ. ಡಬ್ಬಿಯೊಳಗ ಅರಿವಿ ಒಂದ ಹಾಕಿದ್ರ ಅದು ತೊಯ್ದು ನಿಲ್ಲತೈತಿ, ಮುಂದ ಹೀರೂದಿಲ್ಲ.

ಸಪ್ತಾಪುರ_ಧಾರವಾಡ:
ಬುಟ್ಟಿ ಮಾತು ಸರಿ, ಆದರೆ ಇಲ್ಲಿ ನಿಜವಾದ ಗಂಟು ಬಿಚ್ಚುವುದು ಟ್ರಿಜ್. ಸೋವಿಯತ್ ಒಕ್ಕೂಟದ ಗೆನ್ರಿಖ್ ಆಲ್ಟ್‌ಶುಲ್ಲರ್ ಪೇಟೆಂಟುಗಳನ್ನು ಜಾಲಾಡಿ, ಹೊಸ ಪರಿಹಾರ ಹುಡುಕುವ 40 ತತ್ವ ಕಟ್ಟಿದರು. ಅದರ ಜೀವಾಳ ವಿರೋಧಾಭಾಸವನ್ನು ನೇರವಾಗಿ ಬರೆಯುವುದು. ನಿಮ್ಮದು: ಉಗಿ ಹೋಗಬೇಕು, ತೇವ ಉಳಿಯಬೇಕು. ಈಗ ಕೇಳಿ, ಇವೆರಡೂ ಒಂದೇ ಹೊತ್ತಿಗೆ ಬೇಕೇ? ಬೇಡ. ಬಿಸಿ ಆರುವ ತನಕ ತೆರೆದಿರಲಿ, ಆರಿದ ಮೇಲೆ ಮುಚ್ಚಲಿ. ಕಾಲದಲ್ಲಿ ಬೇರ್ಪಡಿಸಿದಿರಿ. ತೂತು ಸದಾ ತೆರೆದಿರುವುದೇ ಅಂಚು ಒಣಗಲು ಕಾರಣ. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಎಂಬ ಅಂಟು ಇಲ್ಲ, ತೇವ ಹೋದರೆ ಹಿಡಿದಿಡುವುದು ಏನೂ ಇರುವುದಿಲ್ಲ. ಹೀಗೆ ತೆರೆದು ಮುಚ್ಚಲು ಪೌಡರ್ ಡಬ್ಬಿಯ ತಿರುಗಿಸುವ ಮುಚ್ಚಳ ನೋಡಿ.

ಗೋಕುಲರೋಡ್_ಟೂಲ್‌ರೂಮ್:
ಕಾಲದ ಮಾತು ಒಪ್ಪಿದೆ. ತಿರುಗೂ ಮುಚ್ಚಳ ಬ್ಯಾಡ್ರಿ, ಎರಡು ತಗಡಿನ ನಡುವ ಹಿಟ್ಟು ಕುಂತು ತಿಕ್ಕಾಕ ಬರೂದಿಲ್ಲ. ಮುಚ್ಚಳದ ಅಂಚಿಗೆ 3 ಉಬ್ಬು, ಡಬ್ಬಿ ಬಾಯಿಗೆ ಅದಕ್ಕ ಹೊಂದೂ 3 ತಗ್ಗು. ಉಬ್ಬಿನ ಮ್ಯಾಲೆ ಕುಂತಾಗ 3 ಮಿ.ಮೀ. ಸಂದು; ಸ್ವಲ್ಪ ತಿರುವಿದ್ರ ತಗ್ಗಿನಾಗ ಇಳದು ಮುಚ್ಚತೈತಿ. ಒಂದೂ ಹೆಚ್ಚಿನ ಭಾಗ ಇಲ್ಲ. ತಳಕ್ಕ 2 ಮಿ.ಮೀ. ಸ್ಟೇನ್‌ಲೆಸ್ ತಂತಿಯ ಜಾಳಿಗಿ, 8 ಮಿ.ಮೀ. ಎತ್ತರ, ಇಲ್ಲಾಂದ್ರ ಕೆಳಗಿನ ರೊಟ್ಟಿ ಹಸಿ ಆಗತೈತಿ. ಮುಚ್ಚಳ ಗುಮ್ಮಟದಂಗ ಮಾಡಿ ನೀರ ಅಂಚಿಗೆ ಹರಸೂ ವಿಚಾರ ಬಂದ್ರ ಬಿಡ್ರಿ. ಇಳಿಜಾರು ಕಡಿಮಿ ಇದ್ದಾಗ ಸಣ್ಣ ಹನಿ ಹರಿಯೂದಿಲ್ಲ, ಅಲ್ಲೇ ಜೋತುಬಿದ್ದು ಕೆಳಗ ಬೀಳತಾವ. ಅಚ್ಚು ಮಾಡಸಾಕ ಈಗ ರೊಕ್ಕ ಹಾಕಬ್ಯಾಡ್ರಿ. ಭಾಂಡೆ ಅಂಗಡಿಯಿಂದ ಒಂದ ನಮೂನಿ ಮೂರು ಡಬ್ಬಿ ತಂದು ಒಂದಕ್ಕ ಕೈಯಿಂದ ಉಬ್ಬು, ತಗ್ಗು ಮಾಡ್ರಿ.

ವಿದ್ಯಾನಗರ_ಹುಬ್ಬಳ್ಳಿ:
ಭಾಳ ಚಲೋ ಆತ್ರಿ ಸರ್. ಸುಧಾರಿಸಿತು ಅಂತ ತೋರಸೂದು ಹೆಂಗ?

ಸಪ್ತಾಪುರ_ಧಾರವಾಡ:
ಮೂರು ಡಬ್ಬಿ: ಪೂರ್ತಿ ಮುಚ್ಚಿದ್ದು, ಸದಾ ಸಂದು ಬಿಟ್ಟಿದ್ದು, 20 ನಿಮಿಷದ ಮೇಲೆ ಮುಚ್ಚುವುದು. ಒಂದೇ ಹಿಟ್ಟಿನ 15 ರೊಟ್ಟಿ. ಹಂಚಿನಿಂದ ಇಳಿದಂತೆ ಸರದಿಯಲ್ಲಿ ಒಂದೊಂದು ಡಬ್ಬಿಗೆ ಹಾಕಿ. ಮೊದಲ ಐದನ್ನು ಒಂದರಲ್ಲೇ ತುಂಬಿದರೆ ಬಿಸಿ ಬೇರೆಯಾಗಿ ಹೋಲಿಕೆ ಕೆಡುತ್ತದೆ. ತುಂಬಿದ ಕೂಡಲೇ ರೊಟ್ಟಿಯ ತೂಕ, ಐದು ತಾಸಿಗೆ ಮತ್ತೆ ತೂಕ. ಮುಚ್ಚಳದ ನೀರನ್ನು ಮೊದಲೇ ತೂಗಿಟ್ಟ ಒಣ ಬಟ್ಟೆಯಿಂದ ಒರೆಸಿ ತೂಗಿ. 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಕೊನೆಗೆ ಪ್ರತಿ ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಬಿರುಕು ಎಣಿಸಿ. ಮೂರೂ ಡಬ್ಬಿ ಒಂದೇ ದಿನ, ಒಂದೇ ಕೋಣೆಯಲ್ಲಿರಲಿ. ಮಳೆಗಾಲದ ಹುಬ್ಬಳ್ಳಿ ಗಾಳಿಯೂ ಏಪ್ರಿಲ್ ಗಾಳಿಯೂ ಒಂದಲ್ಲ. 20 ನಿಮಿಷ ಸಾಲದಿದ್ದರೆ ಸಮಯ ಮಾತ್ರ ಬದಲಿಸಿ, ಸಂದನ್ನು ಮುಟ್ಟಬೇಡಿ.

ಗೋಕುಲರೋಡ್_ಟೂಲ್‌ರೂಮ್:
ಇನ್ನೊಂದು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಾಗ ಡಬ್ಬಿ ಬ್ಯಾಗಿನೊಳಗ ಅಡ್ಡ ಬಿದ್ದಿರತೈತಿ. ಹಂಗ ಮಲಗಿಸಿ, ಅಲುಗಾಡಿಸಿ, ಮುಚ್ಚಳ ತಗ್ಗಿನಿಂದ ಜಾರಿ ಬಿಚ್ಚತೈತೇನು ನೋಡ್ರಿ. ಬಿಚ್ಚಿದ್ರ ತಗ್ಗು ಇನ್ನೊಂದು ಮಿ.ಮೀ. ಆಳ ಮಾಡ್ರಿ.