ನೈರೋಬಿಯಿಂದ ಮೊಂಬಾಸಕ್ಕೆ ರೈಲು: ವಯಸ್ಸಾದವರಿಗೆ ಅನುಕೂಲವೇ?

ಪ್ರಶ್ನೆ
ಆಗಸ್ಟ್‌ನಲ್ಲಿ ತಂದೆ-ತಾಯಿಯವರನ್ನು ಕರೆದುಕೊಂಡು ಕೀನ್ಯಾಕ್ಕೆ ಹೋಗುವವರಿದ್ದೇವೆ. ಮಸಾಯಿ ಮಾರಾ ವನ್ಯಧಾಮ ನೋಡಿಕೊಂಡು, ನೈರೋಬಿಯಿಂದ ಮೊಂಬಾಸಕ್ಕೆ ರೈಲಿನಲ್ಲಿ ಹೋಗಿ, ಡಿಯಾನಿ ಕಡಲತೀರದಲ್ಲಿ ತಂಗುವ ವಿಚಾರವಿದೆ. ಎಪ್ಪತ್ತು ದಾಟಿರುವ ತಾಯಿಯವರು ಮಂಡಿನೋವಿನಿಂದಾಗಿ ಹೆಚ್ಚು ಹೊತ್ತು ನಿಲ್ಲಲಾರರು, ಇಬ್ಬರೂ ಸಸ್ಯಾಹಾರಿಗಳು. ರೈಲು, ನಿಲ್ದಾಣ ಮತ್ತು ಊಟದ ವ್ಯವಸ್ಥೆ ಹೇಗಿದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1
ರೈಲಿನ ಬಗ್ಗೆ ಚಿಂತೆ ಬೇಡ. ಯೋಚಿಸಬೇಕಾದದ್ದು ಅದರ ಎರಡು ತುದಿಗಳ ಬಗ್ಗೆ. 2017ರಲ್ಲಿ ಆರಂಭವಾದ ಈ ಮಾರ್ಗದ ರೈಲು, ಮದರಾಕ ಎಕ್ಸ್‌ಪ್ರೆಸ್, ಸುಮಾರು 470 ಕಿ.ಮೀ. ದೂರವನ್ನು ಐದಾರು ಗಂಟೆಗಳಲ್ಲಿ ಕ್ರಮಿಸುತ್ತದೆ. ಎಕಾನಮಿ ದರ್ಜೆಯಲ್ಲಿ ಆಸನಗಳು ಎದುರುಬದುರಾಗಿದ್ದು ಕಾಲು ಚಾಚಲು ಜಾಗ ಸಾಲದಾದ್ದರಿಂದ, ತಾಯಿಯವರಿಗಾಗಿ ಮೊದಲ ದರ್ಜೆಯನ್ನೇ ತೆಗೆದುಕೊಳ್ಳಿ. ನೈರೋಬಿಯ ನಿಲ್ದಾಣವಿರುವುದು ಊರ ಹೊರಗಿನ ಸ್ಯೋಕಿಮೌನಲ್ಲಿ. ಅಲ್ಲಿ ಪ್ರಯಾಣಿಕರೆಲ್ಲರೂ ತಮ್ಮ ಚೀಲಗಳನ್ನು ನೆಲದ ಮೇಲೆ ಸಾಲಾಗಿಟ್ಟು ಹಿಂದೆ ಸರಿಯಬೇಕು. ಪೊಲೀಸ್ ನಾಯಿ ಒಂದೊಂದನ್ನೇ ಮೂಸಿ ಮುಗಿಸಿದ ಮೇಲೆ ಚೀಲಗಳನ್ನೆತ್ತಿಕೊಂಡು ಸ್ಕ್ಯಾನರ್‌ನ ಸಾಲಿಗೆ ಹೋಗಬೇಕು. ಮಂಡಿನೋವಿನವರಿಗೆ ಇಡೀ ಪಯಣದಲ್ಲಿ ಕಷ್ಟವೆನಿಸುವುದು ಈ ಒಂದು ಘಟ್ಟವೇ ಆದ್ದರಿಂದ, ರೈಲು ಹೊರಡುವುದಕ್ಕೆ ಒಂದು ಗಂಟೆಗೂ ಮುಂಚೆಯೇ ತಲುಪಿ ಗಾಲಿಕುರ್ಚಿ ಕೇಳಿಕೊಳ್ಳುವುದು ಲೇಸು. ಹಣ ಪಾವತಿ ಹೆಚ್ಚಾಗಿ ಎಂ-ಪೆಸಾ ಎಂಬ ಮೊಬೈಲ್ ಹಣ ಸೇವೆಯ ಮೂಲಕ ನಡೆಯುವುದರಿಂದ, ವಿಮಾನ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ತೋರಿಸಿ ಸ್ಥಳೀಯ ಸಿಮ್ ಕೊಳ್ಳಿ. ರೈಲು ತ್ಸಾವೊ ರಾಷ್ಟ್ರೀಯ ಉದ್ಯಾನವನ್ನು ಎತ್ತರದ ದಿಬ್ಬದ ಮೇಲೆ ಹಾದುಹೋಗುತ್ತದೆ. ಕೆಮ್ಮಣ್ಣು ಮೆತ್ತಿಕೊಂಡ ಅಲ್ಲಿನ ಆನೆಗಳು ಕಿಟಕಿಯಿಂದಲೇ ಕಾಣಸಿಗುವುದುಂಟು. ರಾತ್ರಿ ರೈಲು ಹಿಡಿದರೆ ಇದೆಲ್ಲ ತಪ್ಪಿಹೋಗುತ್ತದೆ.

ಉತ್ತರ 2
ಮೇಲಿನವರ ಮಾತಿಗೆ ಮೊಂಬಾಸದ ಕಡೆಯದನ್ನು ಸೇರಿಸುತ್ತೇನೆ. ಅಲ್ಲಿನ ನಿಲ್ದಾಣವೂ ಊರಿನಿಂದಾಚೆ, ಮಿರಿತಿನಿಯಲ್ಲಿದೆ. ಡಿಯಾನಿಗೆ ಹೋಗುವವರು ಹಿಂದೆಲ್ಲ ಊರೊಳಗೆ ಹಾದು, ನೀರು ದಾಟಿಸುವ ಲಿಕೋನಿ ಫೆರಿಗಾಗಿ ಬಿಸಿಲಿನಲ್ಲಿ ಕಾಯಬೇಕಾಗುತ್ತಿತ್ತು. ಈಗ ಫೆರಿಯ ಗೋಜಿಲ್ಲದ ಡೊಂಗೊ ಕುಂಡು ಬೈಪಾಸ್ ರಸ್ತೆ ಇರುವುದರಿಂದ ಆ ದಾರಿಯಲ್ಲೇ ಕರೆದೊಯ್ಯುವಂತೆ ಟ್ಯಾಕ್ಸಿಯವರಿಗೆ ಮೊದಲೇ ಹೇಳಿ. ಊಟಕ್ಕೆ ರೈಲನ್ನು ನೆಚ್ಚಿಕೊಳ್ಳಬೇಡಿ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಭಾಗದಲ್ಲಿ ಗುಜರಾತಿಗಳ ಸಸ್ಯಾಹಾರಿ ಹೋಟೆಲುಗಳು ಬೇಕಾದಷ್ಟಿದ್ದು, ಅಲ್ಲಿಂದಲೇ ಬುತ್ತಿ ಕಟ್ಟಿಸಿಕೊಳ್ಳಬಹುದು. ಮನೆಯಿಂದ ಚಕ್ಲಿ, ಚಟ್ನಿಪುಡಿ ಒಯ್ಯುವುದಾದರೆ (ಒಯ್ಯದೆ ಬಿಟ್ಟವರನ್ನು ನಾನು ಕಂಡಿಲ್ಲ) ಪ್ಲಾಸ್ಟಿಕ್ ಕೈಚೀಲ ಬೇಡ: ಕೀನ್ಯಾದಲ್ಲಿ 2017ರಿಂದ ಅದಕ್ಕೆ ಕಟ್ಟುನಿಟ್ಟಿನ ನಿಷೇಧವಿದೆ. ಮಸಾಯಿ ಮಾರಾಕ್ಕೆ ಚಿಕ್ಕ ವಿಮಾನದಲ್ಲಿ ಹೋಗುವಿರಾದರೆ ಸಾಮಾನ್ಯವಾಗಿ 15 ಕೆ.ಜಿ. ಸಾಮಾನಿಗಷ್ಟೇ ಅವಕಾಶ, ಅದೂ ಗಟ್ಟಿ ಸೂಟ್‌ಕೇಸಿನಲ್ಲಲ್ಲ, ಮೆತ್ತನೆಯ ಚೀಲದಲ್ಲಿ.

ಉತ್ತರ 3
ಎಲ್ಲಕ್ಕಿಂತ ಮೊದಲು ಹಳದಿ ಜ್ವರದ ಲಸಿಕೆಯ ವಿಷಯ ಇತ್ಯರ್ಥವಾಗಲಿ. ಕೀನ್ಯಾದಿಂದ ಹಿಂದಿರುಗುವವರ ಬಳಿ ಅದರ ಪ್ರಮಾಣಪತ್ರವಿಲ್ಲದಿದ್ದರೆ ಭಾರತದಲ್ಲಿ ಇಳಿದೊಡನೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಪಡೆದ ಹತ್ತು ದಿನಗಳ ನಂತರ. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ತೀವ್ರ ಅಡ್ಡಪರಿಣಾಮದ ಸಂಭವ ತುಸು ಹೆಚ್ಚಾದ್ದರಿಂದ, ಟಿಕೆಟ್ ಕಾಯ್ದಿರಿಸುವ ಮೊದಲೇ ಇಬ್ಬರನ್ನೂ ನಿಮ್ಮ ವೈದ್ಯರಿಗೆ ತೋರಿಸಿ.