ಮಗನ ಅಂಕವೂ ಕುಸಿದಿದೆ, ಮನಸ್ಸೂ ಕುಸಿದಿದೆ: ಮೊದಲು ಯಾವುದನ್ನು ಸರಿಪಡಿಸಬೇಕು?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ತಾಯಿಯೊಬ್ಬರಿಂದ):

ಮೇಡಂ, ನಮಸ್ಕಾರ. ನನ್ನ ಮಗ ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ, ಎಸ್‌ಎಸ್‌ಎಲ್‌ಸಿಯಲ್ಲಿ ಎಂಟು ವಿಷಯಗಳಿಗೆ ಎ ಪ್ಲಸ್ ಪಡೆದಿದ್ದ. ಈಗ ಪ್ಲಸ್ ವನ್ (ಹನ್ನೊಂದನೆಯ ತರಗತಿ) ವಿಜ್ಞಾನಕ್ಕೆ ಸೇರಿದ್ದಾನೆ. ಓಣಂ ಪರೀಕ್ಷೆಯಲ್ಲಿ ಭೌತಶಾಸ್ತ್ರ ಮತ್ತು ಗಣಿತದಲ್ಲಿ ಕಷ್ಟಪಟ್ಟು ಪಾಸಾದ. ಅಂದಿನಿಂದ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಕೇಳಿದರೆ, ತಾನು ದಡ್ಡ, ತನ್ನಿಂದಾಗದು ಎನ್ನುತ್ತಾನೆ. ಅವನ ಅಪ್ಪ ಊಟಕ್ಕೆ ಕುಳಿತಾಗಲೆಲ್ಲ ದೊಡ್ಡಪ್ಪನ ಮಗಳ ಫುಲ್ ಎ ಪ್ಲಸ್ ವಿಷಯ ತೆಗೆಯುತ್ತಾರೆ. ಆತ್ಮವಿಶ್ವಾಸ ಹೆಚ್ಚಿಸುವ ಎರಡು ದಿನಗಳ ಶಿಬಿರವೊಂದಕ್ಕೆ ಅವನನ್ನು ಕಳುಹಿಸಬೇಕೆಂದಿದ್ದೇವೆ. ಅದರಿಂದ ಅಂಕ ಸುಧಾರಿಸಬಹುದೇ?

ಉತ್ತರ (ಆಪ್ತಸಮಾಲೋಚಕಿ):

ನಮಸ್ಕಾರ ಅಕ್ಕ. ಶಿಬಿರದಿಂದ ಅವನಿಗೆ ಎರಡು ದಿನ ಉಲ್ಲಾಸ ಸಿಗಬಹುದು, ಆದರೆ ಅದರಿಂದ ಭೌತಶಾಸ್ತ್ರದ ಅಂಕ ಏರುತ್ತದೆ ಎಂದು ನಾನು ನಂಬುವುದಿಲ್ಲ. ಆ ಹಣವನ್ನು ಸದ್ಯಕ್ಕೆ ಉಳಿಸಿಕೊಳ್ಳಿ. ಹೀಗೇಕೆ ಹೇಳುತ್ತೇನೆಂದು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮಕ್ಕಳ ಮನಸ್ಸಿನಲ್ಲಿ ತಮ್ಮ ಬಗ್ಗೆ ಇರುವ ಭಾವನೆಯನ್ನು ಸ್ವಾಭಿಮಾನ ಎಂಬ ಒಂದೇ ಪದದಲ್ಲಿ ಹೇಳಿಬಿಡುತ್ತೇವಾದರೂ ಅದರಲ್ಲಿ ಎರಡು ಬೇರೆ ಸಂಗತಿಗಳಿವೆ. ಒಂದು, ಒಟ್ಟಾರೆಯಾಗಿ ನಾನೊಬ್ಬ ಬೆಲೆಯುಳ್ಳ ಮನುಷ್ಯ ಎಂಬ ಭಾವನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮೋರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ಹತ್ತು ಹೇಳಿಕೆಗಳ ಅಳತೆಪಟ್ಟಿ ಅಳೆಯುವುದು ಇದನ್ನೇ, ಮತ್ತು ಅದರಲ್ಲಿ ಗಣಿತದ ಮಾತಾಗಲಿ ಪರೀಕ್ಷೆಯ ಮಾತಾಗಲಿ ಇಲ್ಲ. ಇನ್ನೊಂದು, ಗಣಿತ ನನಗೆ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ ಎಂಬಂತೆ ಒಂದೊಂದು ವಿಷಯದ ಬಗ್ಗೆ ಇರುವ ನಂಬಿಕೆ. ಅಂಕಗಳೊಂದಿಗೆ ಮೊದಲನೆಯದರ ನಂಟು ಸಡಿಲ, ಎರಡನೆಯದರ ನಂಟು ಗಟ್ಟಿ.

ಹಾಗಾದರೆ ಯಾವುದು ಕಾರಣ, ಯಾವುದು ಫಲ? ಸ್ವಾಭಿಮಾನವನ್ನು ಬೆಳೆಸಿದರೆ ಓದು ತಾನಾಗಿ ಸುಧಾರಿಸುತ್ತದೆ ಎಂಬ ನಂಬಿಕೆ ಒಂದು ಕಾಲದಲ್ಲಿ ಎಷ್ಟು ಬಲವಾಗಿತ್ತೆಂದರೆ, ಕ್ಯಾಲಿಫೋರ್ನಿಯಾ ರಾಜ್ಯವು 1986ರಲ್ಲಿ ಅದಕ್ಕಾಗಿಯೇ ಒಂದು ಸರಕಾರಿ ಕಾರ್ಯಪಡೆಯನ್ನು ನೇಮಿಸಿತ್ತು. ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನೆಲ್ಲ 2003ರಲ್ಲಿ ಪರಿಶೀಲಿಸಿದಾಗ ಆ ನಂಬಿಕೆಗೆ ಆಧಾರ ಸಿಗಲಿಲ್ಲ. ಚೆನ್ನಾಗಿ ಓದುವುದರಿಂದ ಸ್ವಾಭಿಮಾನ ಬೆಳೆಯುವುದೇ ಒಂದಿಷ್ಟು ಮಟ್ಟಿಗೆ ನಿಜವಾಗಿತ್ತು. ಮನೆಯ ಹಿನ್ನೆಲೆ, ಮೊದಲಿನ ಕಲಿಕೆಯಂತಹ ಬೇರುಗಳು ಎರಡಕ್ಕೂ ಸಮಾನವಾಗಿದ್ದವು. ವಿಷಯವಾರು ನಂಬಿಕೆಯ ಮಾತು ಬೇರೆ. ಅದು ಮತ್ತು ಅಂಕ ಒಂದನ್ನೊಂದು ಎತ್ತುತ್ತವೆ, ಒಂದನ್ನೊಂದು ಬೀಳಿಸುತ್ತವೆ ಎಂದು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಮಾರ್ಷ್ ಅವರ ದೀರ್ಘಕಾಲದ ಅಧ್ಯಯನಗಳು ತೋರಿಸಿವೆ.

ಅದೇ ಮಾರ್ಷ್ 1980ರ ದಶಕದಲ್ಲಿ ವಿವರಿಸಿದ ಇನ್ನೊಂದು ಸಂಗತಿ ನಿಮ್ಮ ಮಗನಿಗೆ ನೇರವಾಗಿ ಅನ್ವಯಿಸುತ್ತದೆ. ಸಮಾನ ಸಾಮರ್ಥ್ಯದ ಇಬ್ಬರಲ್ಲಿ, ಹೆಚ್ಚು ಅಂಕದವರೇ ತುಂಬಿರುವ ತರಗತಿಗೆ ಸೇರಿದವನು ತನ್ನನ್ನು ಕಡಿಮೆಯೆಂದು ಭಾವಿಸುತ್ತಾನೆ. ಸಣ್ಣ ಕೆರೆಯ ದೊಡ್ಡ ಮೀನಾಗಿದ್ದ ಹುಡುಗ ಈಗ ದೊಡ್ಡ ಕೆರೆಗೆ ಬಂದಿದ್ದಾನೆ. ಊರಿನ ಶಾಲೆಯಲ್ಲಿ ಟೀಚರ್ ಪ್ರಶ್ನೆ ಕೇಳಿದೊಡನೆ ಎಲ್ಲರೂ ಅವನತ್ತ ತಿರುಗುತ್ತಿದ್ದಿರಬಹುದು. ಏಕಜಾಲಕದಲ್ಲಿ, ಅಂದರೆ ಕೇರಳದ ಪ್ಲಸ್ ವನ್ ಪ್ರವೇಶದ ಏಕಗವಾಕ್ಷಿ ವ್ಯವಸ್ಥೆಯಲ್ಲಿ, ಅಂಕಗಳ ಆಧಾರದಿಂದ ಆಯ್ಕೆಯಾದ ಐವತ್ತು ಅರವತ್ತು ಮಂದಿಯ ನಡುವೆ ಈಗ ಯಾರೂ ತಿರುಗಿ ನೋಡುವುದಿಲ್ಲ.

ಇದರ ಮೇಲೆ ನಮ್ಮ ಗಡಿನಾಡಿನ ಮಕ್ಕಳಿಗೆ ಭಾಷೆಯ ಭಾರವೊಂದು ಹೆಚ್ಚಿಗೆ ಬೀಳುತ್ತದೆ. ಹತ್ತರವರೆಗೆ ವೇಗೋತ್ಕರ್ಷ ಎಂದು ಕಲಿತದ್ದು ಪ್ಲಸ್ ವನ್‌ನಲ್ಲಿ ಅಕ್ಸಲರೇಶನ್ ಆಗುತ್ತದೆ, ತರಗತಿಯ ವಿವರಣೆ ಅನೇಕ ಕಡೆ ಮಲಯಾಳದಲ್ಲಿ ನಡೆಯುತ್ತದೆ, ಮನೆಯ ಮಾತು ತುಳುವೋ ಹವ್ಯಕವೋ ಕೊಂಕಣಿಯೋ ಆಗಿರುತ್ತದೆ. ನನ್ನ ಬಳಿಗೆ ಬಂದಿದ್ದ ಹುಡುಗನೊಬ್ಬ ತನ್ನ ನೋಟುಪುಸ್ತಕದ ಅಂಚಿನಲ್ಲಿ ಪ್ರತಿಯೊಂದು ಇಂಗ್ಲಿಷ್ ಪಾರಿಭಾಷಿಕ ಪದಕ್ಕೂ ಪೆನ್ಸಿಲಿನಲ್ಲಿ ಚಿಕ್ಕದಾಗಿ ಕನ್ನಡ ಪದ ಬರೆದುಕೊಂಡಿದ್ದ. ಪಕ್ಕದವರು ನೋಡಿ ನಗುತ್ತಾರೆಂದು ಅದನ್ನು ಅಂಗೈಯಿಂದ ಮುಚ್ಚಿಕೊಂಡು ಕೂರುತ್ತಿದ್ದನಂತೆ. ಅವನಿಗೆ ವಿಷಯ ಗೊತ್ತಿತ್ತು, ಗೊತ್ತಿಲ್ಲದ್ದು ಅದರ ಹೊಸ ಹೆಸರು ಮಾತ್ರ. ಆದರೂ ಅವನೂ ತನ್ನನ್ನು ದಡ್ಡನೆಂದೇ ಕರೆದುಕೊಳ್ಳುತ್ತಿದ್ದ.

ಇನ್ನು ಮನೆಯ ಮಾತು. ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಹೆತ್ತವರ ರೀತಿಗಳನ್ನು ವಿಂಗಡಿಸಿದಾಗ, ಪ್ರೀತಿ ಮತ್ತು ಶಿಸ್ತು ಎರಡೂ ಇದ್ದು, ನಿಯಮಕ್ಕೆ ಕಾರಣ ಹೇಳಿ ಮಕ್ಕಳ ಮಾತನ್ನೂ ಕೇಳುವ ಮನೆಯನ್ನು ಬರಿಯ ಕಟ್ಟುನಿಟ್ಟಿನ ಮನೆಯಿಂದ ಬೇರ್ಪಡಿಸಿದರು. ಸ್ಯಾನ್‌ಫ್ರಾನ್ಸಿಸ್ಕೋ ಪ್ರದೇಶದ ಪ್ರೌಢಶಾಲಾ ವಿದ್ಯಾರ್ಥಿಗಳ ಬಗ್ಗೆ 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಬಗೆಯ ಮನೆಯ ಮಕ್ಕಳ ಅಂಕಗಳು ಹೆಚ್ಚಿದ್ದವು. ಬರಿಯ ಕಟ್ಟುನಿಟ್ಟಿನ ಮನೆಗಳಲ್ಲಿಯೂ ಏನನ್ನೂ ಕೇಳದೆ ಬಿಟ್ಟುಬಿಡುವ ಮನೆಗಳಲ್ಲಿಯೂ ಕಡಿಮೆಯಿದ್ದವು. ಈ ನಂಟು ಎಲ್ಲ ಸಮುದಾಯಗಳಲ್ಲಿ ಒಂದೇ ಪ್ರಮಾಣದಲ್ಲಿ ಕಾಣಲಿಲ್ಲವಾದ್ದರಿಂದ, ಅಜ್ಜ ಅಜ್ಜಿ ಚಿಕ್ಕಪ್ಪಂದಿರಿರುವ ನಮ್ಮ ಮನೆಗಳಿಗೆ ಅದನ್ನು ಹಾಗೆಯೇ ತಂದು ಹೊಂದಿಸಲು ನಾನು ಹೋಗುವುದಿಲ್ಲ. ಆದರೆ ಊಟದ ಹೊತ್ತಿನ ಹೋಲಿಕೆಯ ಬಗ್ಗೆ ನನಗೆ ಸಂಶಯವೇ ಇಲ್ಲ. ದೊಡ್ಡಪ್ಪನ ಮಗಳ ಹೆಸರು ಬಂದಾಗಲೆಲ್ಲ ಅವನಿಗೆ ತನ್ನ ತಪ್ಪು ಎಲ್ಲಿ ಎಂದು ತಿಳಿಯುವುದಿಲ್ಲ, ತನ್ನ ಸ್ಥಾನ ಎಲ್ಲಿ ಎಂದು ಮಾತ್ರ ತಿಳಿಯುತ್ತದೆ.

ಆದ್ದರಿಂದ ಭೌತಶಾಸ್ತ್ರದ ಉತ್ತರಪತ್ರಿಕೆಯನ್ನು ಕೈಗೆತ್ತಿಕೊಂಡು, ಒಟ್ಟು ಅಂಕವನ್ನು ನೋಡದೆ, ಒಂದೊಂದೇ ಉತ್ತರವನ್ನು ಅವನಿಂದಲೇ ಮನೆಮಾತಿನಲ್ಲಿ ವಿವರಿಸಿ ಹೇಳಿಸಿ. ನಿಮಗೆ ವಿಷಯ ತಿಳಿಯದಿದ್ದರೂ ಅಡ್ಡಿಯಿಲ್ಲ. ಅವನು ಎಲ್ಲಿ ತಡೆಯುತ್ತಾನೆಂಬುದು ನಿಮಗಿಬ್ಬರಿಗೂ ಗೊತ್ತಾಗುತ್ತದೆ. ಎರಡು ವಾರಗಳಿಗೂ ಹೆಚ್ಚು ಕಾಲ ನಿದ್ದೆ ಊಟ ಕೆಟ್ಟಿದ್ದರೆ, ಅಥವಾ ಬದುಕು ಬೇಡವೆಂಬ ಮಾತು ಒಮ್ಮೆ ಬಾಯಿಂದ ಬಂದರೂ, ಅಂಕದ ಯೋಚನೆ ಬಿಟ್ಟು ಕೂಡಲೇ ವೈದ್ಯರನ್ನು ಕಾಣಿರಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416ಕ್ಕಾಗಲಿ, ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056ಕ್ಕಾಗಲಿ ಕರೆ ಮಾಡಬಹುದು.

ಪ್ರಶ್ನೆ (ಕುಂಬಳೆಯ ತಂದೆಯೊಬ್ಬರು, ಶಾರ್ಜಾದಿಂದ):

ನಾನು ವರ್ಷಕ್ಕೊಮ್ಮೆ ಊರಿಗೆ ಬರುವವನು. ಒಂಬತ್ತನೆಯ ತರಗತಿಯ ಮಗಳು ವಿಡಿಯೋ ಕರೆಯಲ್ಲಿ ಎರಡು ಮಾತಾಡಿ ಫೋನನ್ನು ತಾಯಿಗೆ ಕೊಟ್ಟುಬಿಡುತ್ತಾಳೆ. ದೂರದಿಂದ ನಾನೇನು ಮಾಡಬಹುದು?

ಉತ್ತರ:

ಅಣ್ಣ, ಕಳೆದ ಹತ್ತು ಕರೆಗಳಲ್ಲಿ ನೀವು ಕೇಳಿದ ಮೊದಲ ಪ್ರಶ್ನೆ ಯಾವುದೆಂದು ನೆನಪಿಸಿಕೊಳ್ಳಿ. ಅದು ಓದು ಅಥವಾ ಅಂಕದ್ದಾಗಿದ್ದರೆ, ಅವಳ ಪಾಲಿಗೆ ಕರೆಯೆಂದರೆ ದಿನವೂ ಒಂದು ಪರೀಕ್ಷೆ. ಒಂದು ತಿಂಗಳು ಅಂಕದ ಮಾತೆತ್ತಬೇಡಿ. ನಿಮ್ಮ ಕೆಲಸದ ದಿನ ಹೇಗಿತ್ತೆಂದು ನೀವೇ ಮೊದಲು ಹೇಳಿರಿ.

ಪ್ರಶ್ನೆ (ಮಂಜೇಶ್ವರದ ನಿವೃತ್ತ ಅಧ್ಯಾಪಕರೊಬ್ಬರು):

ನಮ್ಮ ಕಾಲದಲ್ಲಿ ಬೆತ್ತದ ಏಟು ತಿಂದೇ ಕಲಿತೆವು, ಯಾರೂ ಕೆಟ್ಟುಹೋಗಲಿಲ್ಲ. ಇಂದು ಏನೂ ಮಾಡದ ಮಕ್ಕಳನ್ನೂ ಹೊಗಳಬೇಕೆಂಬ ನಿರೀಕ್ಷೆಯಿದೆ. ಇದು ಸರಿಯೇ?

ಉತ್ತರ:

ಮಾಷ್ಟ್ರೇ, ನಿಮ್ಮ ಎರಡನೆಯ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಮಾಡದ ಕೆಲಸಕ್ಕೆ ಹೊಗಳಿಕೆ ಸಂದರೆ ಕೆಲಸ ಮಾಡುವ ಅಗತ್ಯವೇ ಉಳಿಯುವುದಿಲ್ಲ. ಹೊಗಳುವ ಬಗೆಯೂ ಮುಖ್ಯ: ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿವಂತರೆಂದು ಹೊಗಳಿಸಿಕೊಂಡ ಐದನೆಯ ತರಗತಿಯ ಮಕ್ಕಳು ಕಠಿಣ ಸಮಸ್ಯೆಗಳಲ್ಲಿ ಸೋತ ಬಳಿಕ ಬೇಗನೆ ಕೈಚೆಲ್ಲಿದರು, ಶ್ರಮವನ್ನು ಹೊಗಳಿಸಿಕೊಂಡವರು ಮುಂದುವರಿಸಿದರು. ಮೊದಲನೆಯ ಮಾತನ್ನು ಮಾತ್ರ ವಿನಯದಿಂದ ಒಪ್ಪದಿರುತ್ತೇನೆ. ಏಟು ತಿಂದು ಕಲಿತವರು ಇಂದು ಇಲ್ಲಿ ಬರೆಯುತ್ತಿದ್ದಾರೆ. ಏಟಿಗೆ ಹೆದರಿ ಏಳನೆಯ ತರಗತಿಯಲ್ಲೇ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತವರ ಮಾತು ನಮಗೆ ಇಲ್ಲಿ ಕೇಳಿಸುವುದಿಲ್ಲ. ಅಂಥವರು ನಮ್ಮ ಮನೆಯಲ್ಲಿಯೇ ಇದ್ದರು, ನನ್ನ ಚಿಕ್ಕಮ್ಮ. 2009ರ ಶಿಕ್ಷಣ ಹಕ್ಕು ಕಾಯಿದೆಯು ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ, ಮತ್ತು ಅದರ ಬೆಲೆ ನನಗೆ ಚಿಕ್ಕಮ್ಮನಿಂದಾಗಿ ಗೊತ್ತು.

ಮೊದಲು ಪ್ರಶ್ನೆ ಕೇಳಿದ ತಾಯಿ, ಎಂಟು ದಿನಗಳ ಬಳಿಕ:

ಮೇಡಂ, ಭಾನುವಾರ ಚಾವಡಿಯಲ್ಲಿ ಕುಳಿತು ಉತ್ತರಪತ್ರಿಕೆ ನೋಡಿದೆವು. ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕನ್ನಡದಲ್ಲಿ ತಡೆಯಿಲ್ಲದೆ ಹೇಳಿದ. ಆದರೆ ಪತ್ರಿಕೆಯಲ್ಲಿ ಆ ಜಾಗ ಖಾಲಿಯಿತ್ತು. ಪ್ರಶ್ನೆಯೇ ಅರ್ಥವಾಗಿರಲಿಲ್ಲವಂತೆ. ತೋಟದಲ್ಲಿ ಅಡಿಕೆಗೆ ಮದ್ದು ಬಿಡಿಸಿ ಬಂದ ಅವನ ಅಪ್ಪ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಯಾರ ಅಂಕದ ಮಾತೂ ಬರಲಿಲ್ಲ. ಇನ್ನು ಮುಂದೇನು?

ಉತ್ತರ:

ಖಾಲಿ ಬಿಟ್ಟ ಆ ಮೂರು ಪ್ರಶ್ನೆಗಳನ್ನು ಅವನೇ ಭೌತಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ, ತನಗೆ ತೊಡಕಾದದ್ದು ಭಾಷೆ ಎಂದು ಹೇಳಲಿ. ನೀವು ಜೊತೆಗೆ ಹೋದರೂ ಮಾತು ಅವನದೇ ಇರಲಿ. ದಿನಕ್ಕೆ ಐದು ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದೊಂದಿಗೆ ಬೇರೆ ಪುಸ್ತಕದಲ್ಲಿ ಬರೆದುಕೊಳ್ಳಲಿ, ಅಂಗೈಯಲ್ಲಿ ಮುಚ್ಚಿಕೊಳ್ಳುವ ಅಗತ್ಯವಿಲ್ಲ. ಗಣಿತದ ಪತ್ರಿಕೆಯನ್ನು ಮುಂದಿನ ಭಾನುವಾರ ನೋಡಬಹುದು, ಅವನು ಒಪ್ಪಿದರೆ. ಅವನ ಅಪ್ಪನೂ ಈ ಸಲ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಕೂರಲಿ.